ವರ್ಷತೊಡಕಿನ ದಿನ ಕೆರೆ ನೋಡಲು ಹೋದದ್ದು

ಕೆರೆ ನೋಡುವುದಕ್ಕೆಂದೇ ಸೈಕಲ್ ಹತ್ತುವ ಅಭ್ಯಾಸ ನನಗೆ ಮೂವತ್ತೈದು ದಾಟಿದ ಮೇಲೆ ಅಂಟಿಕೊಂಡಿತು. ಅಲ್ಲಿಯವರೆಗೆ ಸೈಕಲ್ ಅಂದರೆ ಮೈಸೂರಿನ ಯಾದವಗಿರಿಯ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮಾರ್ಕೆಟ್ಟಿಗೆ, ಅಲ್ಲಿಂದ ಹ್ಯಾಂಡಲ್ಲಿಗೆ ತರಕಾರಿ ಚೀಲ ತಗುಲಿಸಿಕೊಂಡು ಮತ್ತೆ ಮನೆಗೆ. ಯಾದವಗಿರಿ ಅಂದೊಡನೆ ಬಂಗಲೆ ಅಂದುಕೊಳ್ಳಬಾರದು. ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ ನಾವಿದ್ದದ್ದು. ಎರಡು ಕೋಣೆ, ಒಂದು ಅಡುಗೆಮನೆ, ಸೈಕಲ್ ನಿಲ್ಲಿಸುವಷ್ಟು ಜಗಲಿ.

ಚಟ ಹತ್ತಿಸಿದವರು ಎದುರು ಮನೆಯ ಡ್ರಾಯಿಂಗ್ ಮೇಷ್ಟ್ರು. ಅವರೊಂದು ಶಾಲೆಯಲ್ಲಿ ಮಕ್ಕಳಿಗೆ ಹೂಜಿ, ಬದನೆಕಾಯಿ, ಮಾವಿನೆಲೆ ಬರೆಯಲು ಕಲಿಸುತ್ತಿದ್ದರು. ವಾರವೆಲ್ಲ ಹೂಜಿ ನೋಡಿ ನೋಡಿ ಕಣ್ಣು ಬೇಸತ್ತಿದೆ, ಭಾನುವಾರ ಸ್ವಲ್ಪ ನೀರು ತೋರಿಸಬೇಕು ಎನ್ನುತ್ತಿದ್ದರು. ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಹೋದರು. ಹಿನಕಲ್ ಆಗ ಊರಿನಾಚೆಯ ಹಳ್ಳಿ. ಅಲ್ಲಿಯ ಕೆರೆಯ ಏರಿಯ ಮೇಲೆ ಕೂತು ಅವರು ಚಿತ್ರ ಬರೆದರು, ನಾನು ಸುಮ್ಮನೆ ಕೂತೆ. ಸುಮ್ಮನೆ ಕೂರುವುದು ಇಷ್ಟು ಹಿತ ಎಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ತಿಂಗಳಿಗೊಂದು ಸಲವಾದರೂ ಹೋಗತೊಡಗಿದೆವು. ಶನಿವಾರ ಸಂಜೆ ಜಗಲಿಯ ಮೇಲೆ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುವುದು, ಗಾಳಿ ಹೊಡೆಯುವುದು, ಪಂಕ್ಚರ್ ಹಾಕುವ ಡಬ್ಬಿಯಲ್ಲಿ ಸಲ್ಯೂಷನ್ ಒಣಗಿದೆಯೋ ಎಂದು ಹಿಸುಕಿ ನೋಡುವುದು. ಭಾನುವಾರ ಬೆಳಕು ಹರಿಯುವಾಗ ಹೊರಡುವುದು. ನಮಗೆ ಅವಸರವಿರಲಿಲ್ಲ. ತುಳಿದದ್ದಕ್ಕಿಂತ ಇಳಿದು ನಿಂತದ್ದೇ ಹೆಚ್ಚು. ನಮ್ಮ ಸೀಮೆಯ ಕೆರೆಗಳ ಸೊಗಸು ಎಂದರೆ ಅವು ಒಂಟಿಯಾಗಿರುವುದಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ಹಳ್ಳದ ಜಾಡು ಹಿಡಿದು ಹೋದರೆ ದಾರಿ ಕೇಳಬೇಕಾಗಿರಲಿಲ್ಲ. ನೀರು ಹೋದ ಕಡೆ ನಾವೂ ಹೋಗುತ್ತಿದ್ದೆವು.

ಮೇಷ್ಟ್ರು ಚಿತ್ರ ಬರೆಯುವಾಗ ನಾನೂ ಏನಾದರೂ ಮಾಡಬೇಕಲ್ಲ. ನನಗೆ ಬರುವುದು ಗುಮಾಸ್ತೆಗಿರಿ ಒಂದೇ. ಹಾಗಾಗಿ ಬರೆದಿಡತೊಡಗಿದೆ. ಯಾವ ಕೆರೆ, ನೀರು ಎಲ್ಲಿಯ ತನಕ ಇದೆ, ತೂಬಿನ ಕಲ್ಲು ಎಷ್ಟು ಮುಳುಗಿದೆ, ಬೆಳ್ಳಕ್ಕಿ ಎಷ್ಟು, ಕೊಕ್ಕರೆ ಎಷ್ಟು, ದಾರಿಯಲ್ಲಿ ಕುಡಿದ ಕಾಫಿ ಹೇಗಿತ್ತು. ಬರೆಯುವುದಕ್ಕೆ ಕೊಂಡದ್ದು ಆಫೀಸಿನಲ್ಲಿ ಬಳಸುವಂಥದೇ ಉದ್ದನೆಯ ಪುಸ್ತಕ, ಕೆಂಪು ಕ್ಯಾಲಿಕೋ ಬಟ್ಟೆ ಅಂಟಿಸಿದ ರಟ್ಟಿನದು. ಅಂಥದರಲ್ಲಿ ಬರೆದರೇ ನನ್ನ ಅಕ್ಷರ ನೆಟ್ಟಗೆ ನಿಲ್ಲುವುದು. ಅದು ಎಂಥ ಫಜೀತಿಗೆ ದಾರಿಯಾಗುತ್ತದೆ ಎಂದು ಆಗ ತೋಚಿರಲಿಲ್ಲ.

ನನ್ನ ಹೆಂಡತಿ ಈ ತಿರುಗಾಟಕ್ಕೆ ಅಡ್ಡಿ ಮಾಡಿದವಳಲ್ಲ. ನಾಲ್ಕೂವರೆಗೆ ಎದ್ದು ಚಿತ್ರಾನ್ನ ಕಲಸಿ ಬಾಳೆಲೆಯಲ್ಲಿ ಕಟ್ಟಿಕೊಡುತ್ತಿದ್ದಳು. ಬಂದ ಮೇಲೆ ಏನು ನೋಡಿದಿರಿ ಎಂದು ಕೇಳುತ್ತಿದ್ದಳು. ಕೆರೆ ಎಂದರೆ, ಹೋದ ತಿಂಗಳು ನೋಡಿದ್ದೂ ಕೆರೆಯೇ ಅಲ್ಲವೇ ಎಂದು ನಕ್ಕು ಒಳಗೆ ಹೋಗುತ್ತಿದ್ದಳು. ನೀನೂ ಬರುತ್ತೀಯಾ ಎಂದು ನಾನು ಕೇಳಿರಲಿಲ್ಲ. ಕೇಳಬಾರದೆಂದಲ್ಲ, ಕೇಳಬಹುದು ಎಂಬುದೇ ಹೊಳೆದಿರಲಿಲ್ಲ.

ದೇಶ ಗಣರಾಜ್ಯವಾದ ಮರುವರ್ಷದ ಯುಗಾದಿ ಶನಿವಾರ ಬಂತು. ಭಾನುವಾರವಂತೂ ರಜ, ಸೋಮವಾರಕ್ಕೆ ಮೇಷ್ಟ್ರೂ ನಾನೂ ಒಂದೊಂದು ರಜೆ ಬರೆದುಕೊಟ್ಟು ಎರಡು ದಿನದ ಸುತ್ತು ಹೊರಟೆವು. ಕಡಕೊಳದವರೆಗೆ ನಂಜನಗೂಡಿನ ದಾರಿ, ಅಲ್ಲಿಂದ ಎಡಕ್ಕೆ ಮಣ್ಣಿನ ದಾರಿ ಹಿಡಿದು ಕೆರೆಯಿಂದ ಕೆರೆಗೆ. ಮೇಷ್ಟ್ರು ಖಾಕಿ ಚಡ್ಡಿ ಹಾಕಿ, ಎಲ್ಲಿಂದಲೋ ಬಂದ, ಸಾಹೇಬರು ಹಾಕುವಂಥ ಹಳೆಯ ಸೋಲಾ ಟೋಪಿ ಇಟ್ಟಿದ್ದರು. ನನ್ನದೂ ಖಾಕಿ ಪ್ಯಾಂಟು, ಚೈನಿಗೆ ಸಿಕ್ಕದ ಹಾಗೆ ಕ್ಲಿಪ್ಪು. ಕಡಕೊಳದ ಹೋಟೆಲಿನವನು ನಮ್ಮನ್ನು ನೋಡಿ ಒರಗಿದ್ದವನು ಎದ್ದು ನಿಂತ. ಟೋಪಿಯ ಮಹಿಮೆ ಎಂದು ಮೇಷ್ಟ್ರು ಹಿಗ್ಗಿದರು.

ಹತ್ತು ಗಂಟೆಯ ಹೊತ್ತಿಗೆ ಸಿಕ್ಕಿದ ಮೂರನೆಯ ಕೆರೆ ಅರ್ಧ ಬತ್ತಿತ್ತು. ನೀರು ಏರಿಯ ಬುಡಕ್ಕೆ ಸರಿದು, ಮೇಲಿನ ಅಂಗಳವೆಲ್ಲ ಬಿರುಕು ಬಿಟ್ಟ ಕಪ್ಪು ಗೋಡುಮಣ್ಣು. ಅದರಲ್ಲಿ ಒಂದು ಕಡೆ ಹಸಿರು. ಹತ್ತಿರ ಹೋದರೆ ಕರಬೂಜದ ಬಳ್ಳಿ. ನೀರು ಹಿಂದೆ ಸರಿದ ಹಾಗೆ ಆ ತೇವದಲ್ಲೇ ಬೀಜ ಊರಿ ಬೆಳೆದದ್ದು. ಎಲೆಯ ಕೆಳಗೆ ತೆಂಗಿನಕಾಯಿಯಷ್ಟು ದೊಡ್ಡದಾದ ಹಸಿರು ಕಾಯಿಗಳು ನೂರಾರು. ರಾಮನವಮಿಗೆ ಇನ್ನು ಏಳು ದಿನ. ಮೈಸೂರಿನಲ್ಲಿ ಆ ದಿನ ಕರಬೂಜದ ಪಾನಕವಿಲ್ಲದ ಮನೆಯಿಲ್ಲ. ಆ ಹೊತ್ತಿಗೆ ಸರಿಯಾಗಿ ಹಣ್ಣಾಗಲಿ ಎಂದೇ ಲೆಕ್ಕ ಹಾಕಿ ಬಿತ್ತಿದ ಬೆಳೆ.

ಬಳ್ಳಿಯ ನಡುವೆ ಒಬ್ಬ ಅಜ್ಜಿ ಕಾಗೆ ಕಾಯುತ್ತ ಕೂತಿದ್ದಳು. ನಮ್ಮನ್ನು ಕಂಡು ಎದ್ದು ಕೈಮುಗಿದಳು. ನಾನು ಖುಷಿಯಲ್ಲಿದ್ದೆ. ಪುಸ್ತಕ ತೆಗೆದು ಒಂದೊಂದಾಗಿ ಕೇಳಿದೆ: ಇದು ಯಾರ ಬೆಳೆ, ಎಷ್ಟು ವರ್ಷದಿಂದ ಹಾಕುತ್ತಿದ್ದೀರಿ, ಎಷ್ಟು ಸಾಲು, ಬೀಜ ಎಲ್ಲಿಯದು. ಅಜ್ಜಿ ಒಂದಕ್ಕೆ ಉತ್ತರ ಹೇಳಿದರೆ ಇನ್ನೊಂದಕ್ಕೆ ನೆಲ ನೋಡುತ್ತಿದ್ದಳು. ಹಳ್ಳಿಯವರ ಸಂಕೋಚ ಎಂದುಕೊಂಡು ನಾನೇ ಸಾಲು ಎಣಿಸಿ ಬರೆದೆ. ಅಷ್ಟರಲ್ಲಿ ಮೇಷ್ಟ್ರು ಬಳ್ಳಿಯ ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿ ಅಳೆದು, ಏರಿ, ತೂಬು, ಹಸಿರು ಎಲ್ಲವನ್ನೂ ತಮ್ಮ ಪುಸ್ತಕದಲ್ಲಿ ಚಿತ್ರ ತೆಗೆದರು. ಚಿತ್ರದಲ್ಲಿ ಅಳತೆ ತಪ್ಪಬಾರದು ಎಂಬುದು ಅವರ ನಿಯಮ. ಹೊರಡುವಾಗ ಅಜ್ಜಿಗೆ, ಬೆಳೆ ಬಹಳ ಚೆನ್ನಾಗಿದೆ, ನಾಳೆ ಇದೇ ದಾರಿಯಲ್ಲಿ ಬರುತ್ತೇವೆ ಎಂದು ಹೇಳಿದೆವು. ಸಂತೋಷಪಡಲಿ ಎಂದು ಹೇಳಿದ ಮಾತು ಅದು.

ಆ ರಾತ್ರಿ ಮುಂದಿನ ಊರಿನ ಶಾಲೆಯ ಜಗಲಿಯಲ್ಲಿ ಮಲಗಿ, ಮಾರನೆಯ ದಿನ ಇನ್ನೆರಡು ಕೆರೆ ಮುಗಿಸಿ, ಮಧ್ಯಾಹ್ನ ಮೂರರ ಸುಮಾರಿಗೆ ವಾಪಸು ಬಂದೆವು. ದೂರದಿಂದಲೇ ಏನೋ ಹೆಚ್ಚುಕಡಿಮೆಯಾಗಿದೆ ಅನ್ನಿಸಿತು. ಬಳ್ಳಿಯ ಪಕ್ಕದಲ್ಲಿ ಎರಡು ದೊಡ್ಡ ಮಂಕರಿ ಬುಟ್ಟಿ. ಅಜ್ಜಿಯೂ ಅವಳ ಸೊಸೆಯೂ ಬಗ್ಗಿ ಕಾಯಿ ಕೀಳುತ್ತಿದ್ದರು. ಹಸಿರು ಕಾಯಿ. ಕರಬೂಜ ಹಣ್ಣಾದರೆ ತೊಟ್ಟು ತಾನೇ ಬಿಡುತ್ತದೆ, ಕೈ ತಾಗಿಸಿದರೆ ಸಾಕು. ಇವರು ತಿರುಚಿ ತಿರುಚಿ ಕೀಳುತ್ತಿದ್ದರು. ಹಾಗೆ ಕಿತ್ತದ್ದು ಎಷ್ಟು ದಿನ ಇಟ್ಟರೂ ಸಿಹಿಯಾಗುವುದಿಲ್ಲ.

ಯಾಕೆ ಹೀಗೆ ಮಾಡುತ್ತಿದ್ದೀರಿ ಎಂದು ಕೇಳಿದೆ. ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು, ಕೋಪವಿಲ್ಲದೆ ಹೇಳಿದಳು:

"ನೀವೇ ಬರ್ಕಂಡೋದ್ರಲ್ಲ ಬುದ್ಧಿ. ಇನ್ನು ದನ ಬುಟ್ಟು ಮೇಯ್ಸೋಕ್ ಮುಂಚೆ ನಾವೇ ಕಿತ್ಕತೀವಿ."

ಏರಿಯ ಮೇಲಿನಿಂದ ನೀರುಗಂಟಿ ಇಳಿದು ಬಂದ. ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವವನು ಅವನು. ಕೆರೆಯ ಸಮಾಚಾರವೆಲ್ಲ ಅವನ ಬಳಿ. ಅವನಿಂದ ವಿಷಯ ತಿಳಿಯಿತು. ಕೆರೆಯ ಅಂಗಳ ಸರ್ಕಾರದ ಜಾಗ. ಬೇಸಿಗೆಯಲ್ಲಿ ಯಾರೋ ನಾಲ್ಕು ಬಳ್ಳಿ ಹಾಕಿಕೊಂಡರೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಆದರೆ ಮೂರು ವರ್ಷದ ಹಿಂದೆ ಕಂದಾಯದ ಶೇಕ್ದಾರರೊಬ್ಬರು ಖಾಕಿ ತೊಟ್ಟು ಸೈಕಲ್ಲಿನಲ್ಲಿ ಬಂದು, ಕೆಂಪು ಪುಸ್ತಕದಲ್ಲಿ ಬರೆದುಕೊಂಡು ಹೋಗಿ, ಎಂಟು ದಿನಕ್ಕೆ ದನ ಬಿಡಿಸಿ ಬೆಳೆಯನ್ನೆಲ್ಲ ಮೇಯಿಸಿದ್ದರು. ಈಗ ನಾವು ಬಂದಿದ್ದೇವೆ. ಅವರು ಒಬ್ಬರೇ, ನಾವು ಇಬ್ಬರು. ಅವರು ಬರೀ ಬರೆದರು. ನಾವು ಸಾಲು ಎಣಿಸಿ, ಹೆಜ್ಜೆ ಹಾಕಿ ಅಳೆದು, ನಕ್ಷೆಯನ್ನೂ ತೆಗೆದಿದ್ದೇವೆ.

ಎಲ್ಲಕ್ಕಿಂತ ಮುಖ್ಯವಾಗಿ, ನಾವು ಬಂದ ದಿನ. ಯುಗಾದಿಯ ಮಾರನೆಯ ದಿನ ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಿ ವರ್ಷತೊಡಕು. ಅವತ್ತು ಏನು ನಡೆಯುತ್ತದೋ ಅದು ವರ್ಷವೆಲ್ಲ ನಡೆಯುತ್ತದೆ ಎಂದು ನಂಬಿಕೆ. ಅವತ್ತು ಯಾರೂ ಜಗಳಾಡುವುದಿಲ್ಲ, ಬೈಯುವುದಿಲ್ಲ, ಬೈಸಿಕೊಳ್ಳುವುದೂ ಇಲ್ಲ. ಮಾಂಸದ ಊಟ ಮಾಡಿ, ಇಸ್ಪೀಟಾಡಿ ನಗುನಗುತ್ತ ಇರುತ್ತಾರೆ. ಮೇಷ್ಟ್ರ ಮನೆಯಲ್ಲಾಗಲೀ ನಮ್ಮ ಮನೆಯಲ್ಲಾಗಲೀ ಆ ದಿನಕ್ಕೆ ಅಂಥ ಪಟ್ಟವಿಲ್ಲ. ಹೆಸರು ಕೇಳಿದ್ದೆವು, ಅಷ್ಟೇ. ನಮಗೆ ಅದೊಂದು ಭಾನುವಾರ.

"ಸುಮ್ಕೆ ಬಂದಿದ್ವಿ ಅಂತೀರಿ," ಅಂದ ನೀರುಗಂಟಿ. "ವರ್ಷತೊಡಕಿನ್ ದಿನ ಮನೇಲುಣ್ಣೋದ್ ಬುಟ್ಟು, ಒಂಬತ್ತು ಮೈಲಿ ಸೈಕಲ್ ತುಳ್ಕಂಡು ಸುಮ್ಕೆ ಯಾರ್ ಬುದ್ಧಿ ಬತ್ತಾರೆ? ಸರ್ಕಾರದೋರೇ ಬರ್ಬೇಕು."

ಕೆರೆ ನೋಡಲು ಬಂದೆವು ಎಂದೆವು. ಕೆರೆಯಲ್ಲಿ ಏನಿದೆ ಎಂದ. ನೀರಿದೆ, ಹಕ್ಕಿಗಳಿವೆ ಎಂದೆವು. ಅವನು ಅಜ್ಜಿಯ ಮುಖ ನೋಡಿದ, ಅಜ್ಜಿ ಅವನ ಮುಖ ನೋಡಿದಳು. ಮೇಷ್ಟ್ರು ತಾವು ಶಾಲೆಯ ಮೇಷ್ಟ್ರೆಂದು ತೋರಿಸಲು ಚಿತ್ರದ ಪುಸ್ತಕ ಬಿಚ್ಚಿದರು. ಅದರಲ್ಲಿ ಕೆರೆ, ಬಳ್ಳಿ, ಕೂತಿದ್ದ ಅಜ್ಜಿ ಎಲ್ಲ ಯಥಾವತ್ತಾಗಿ ಇದ್ದದ್ದರಿಂದ ಭಯ ಇನ್ನಷ್ಟು ಗಟ್ಟಿಯಾಯಿತು. ಅಳತೆಯಲ್ಲಿ ಒಂದಿಷ್ಟು ತಪ್ಪಿದ್ದರೆ ಬದುಕುತ್ತಿದ್ದೆವೇನೋ.

ನಾನು ಬರೆದ ಹಾಳೆಯನ್ನು ಅವರೆದುರಿಗೇ ಹರಿದುಬಿಡುತ್ತೇನೆ ಎಂದೆ. ಅಜ್ಜಿ ಎರಡು ಕೈಯೂ ಅಡ್ಡ ಹಿಡಿದಳು.

"ಅರೀಬ್ಯಾಡಿ ಬುದ್ಧಿ. ಆಮ್ಯಾಕೆ ನಾವೇ ಅರುಸುದ್ವಿ ಅಂತ ಅದೊಂದು ತಪ್ಪೂ ನಮ್ ಮ್ಯಾಲೆ ಬತ್ತದೆ."

ಕಿತ್ತದ್ದು ಆಗಲೇ ಒಂದು ಮಂಕರಿಯಷ್ಟಾಗಿತ್ತು. ನಷ್ಟ ಎಷ್ಟಾದರೂ ನಾನು ಕೊಡುತ್ತೇನೆ ಎಂದೆ. ಅದೂ ತಪ್ಪಾಯಿತು, ಪರಿಹಾರ ಕೊಡುವವರು ಸರ್ಕಾರದವರೇ ಅಲ್ಲವೇ ಎಂದು ನೀರುಗಂಟಿ ತಲೆದೂಗಿದ. ಇನ್ನು ಮಾತಾಡಿದಷ್ಟೂ ಕೆಡುತ್ತದೆ ಎಂದು ತಿಳಿದು, ಇವತ್ತಿಗೆ ನಿಲ್ಲಿಸಿ, ನಾಳೆಯವರೆಗೆ ಒಂದೇ ಒಂದು ದಿನ ತಡೆಯಿರಿ ಎಂದು ಕೈಮುಗಿದು ಬೇಡಿಕೊಂಡೆ. ಖಾಕಿ ಹಾಕಿದವನು ಕೈಮುಗಿದದ್ದು ಅವಳಿಗೆ ವಿಚಿತ್ರವಾಗಿ ಕಂಡಿರಬೇಕು. ಸಂಜೆ ಹೇಗೂ ಆಗುತ್ತಾ ಬಂತು, ಇವತ್ತು ಸಾಕು, ನಾಳೆ ಬೆಳಗ್ಗೆ ಕೀಳುತ್ತೇವೆ ಎಂದಳು. ಅಷ್ಟು ಸಿಕ್ಕಿತು.

ಮೈಸೂರಿನವರೆಗೂ ಮೇಷ್ಟ್ರು ಟೋಪಿ ತೆಗೆದು ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡಿದ್ದರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ರಾತ್ರಿಯ ಅಡುಗೆಗೆ ಹುರುಳಿಕಾಯಿ ಸೋಸುತ್ತಿದ್ದಳು. ಅರ್ಧ ಕಥೆಗೆ ನಗು ಬಂತು, ಕಾಯಿ ಕಿತ್ತದ್ದಕ್ಕೆ ಬಂದಾಗ ನಗು ನಿಂತಿತು. ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟು, ಶೇಕ್ದಾರರು ಜಮೀನು ನೋಡಲು ಬರುವಾಗ ಹೆಂಡತಿಯನ್ನು ಕರೆದುಕೊಂಡು ಬರುತ್ತಾರೆಯೇ ಎಂದು ಕೇಳಿದಳು. ಇಲ್ಲ ಎಂದೆ.

"ಹಾಗಾದ್ರೆ ನಾಳೆ ನಾನು ಬರ್ತೀನಿ. ನೀವು ಆಫೀಸಿಗೆ ಒಂದು ರಜ ಕಳಿಸಿ. ಆ ಖಾಕಿ ಪ್ಯಾಂಟು ಮಾತ್ರ ಬೇಡ ಕಣ್ರೀ, ಪಂಚೆ ಉಟ್ಕೊಂಡೇ ತುಳೀರಿ."

ಮಂಗಳವಾರ ಬೆಳಗ್ಗೆ ನಮ್ಮ ಮಕ್ಕಳನ್ನು ಮೇಷ್ಟ್ರ ಮನೆಗೆ ಒಪ್ಪಿಸಿದೆವು. ಮೇಷ್ಟ್ರಿಗೆ ಶಾಲೆಯಿತ್ತು, ಬರಲಾಗಲಿಲ್ಲ. ಕಡಕೊಳದವರೆಗೆ ಅವಳು ರೈಲಿನಲ್ಲಿ ಬರುವುದು, ನಾನು ಸೈಕಲ್ಲಿನಲ್ಲಿ ಮೊದಲೇ ಹೋಗಿ ಸ್ಟೇಷನ್ನಿನಲ್ಲಿ ಕಾಯುವುದು ಎಂದು ಮಾತಾಗಿತ್ತು. ಮೈಸೂರಿನ ಬೀದಿಯಲ್ಲಿ ಗಂಡನ ಕ್ಯಾರಿಯರ್ ಮೇಲೆ ಕೂತು ಹೋಗಲು ಅವಳು ತಯಾರಿರಲಿಲ್ಲ. ಕಡಕೊಳದ ಆಚೆ ಯಾರು ನೋಡುತ್ತಾರೆ, ಕೂರುತ್ತೇನೆ ಎಂದಿದ್ದಳು. ಪಂಚೆಯನ್ನು ಕಚ್ಚೆ ಹಾಕಿಕೊಂಡು ತುಳಿದೆ. ರೈಲು ಬರುವುದಕ್ಕೆ ಹತ್ತು ನಿಮಿಷ ಮುಂಚೆ ತಲುಪಿದೆ.

ಹದಿನಾರು ವರ್ಷದ ಸಂಸಾರದಲ್ಲಿ ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡದ್ದು ಅದೇ ಮೊದಲು. ಕ್ಯಾರಿಯರ್ ಮೇಲೆ ಒಂದು ಜಮಖಾನ ಮಡಿಸಿ ಹಾಕಿದ್ದೆ. ಮಣ್ಣಿನ ದಾರಿಯ ಕೊರಕಲು ಬಂದಾಗಲೆಲ್ಲ ನನ್ನ ಅಂಗಿ ಹಿಡಿದುಕೊಳ್ಳುವಳು, ದಾಟಿದ ಕೂಡಲೆ ಬಿಡುವಳು. ಮೊದಲನೆಯ ಕೆರೆಯ ಏರಿ ಹತ್ತಿದಾಗ ಇಳಿದು ಹತ್ತು ಹೆಜ್ಜೆ ನಡೆದಳು. ನೀರಿನ ಮೇಲೆ ಗಾಳಿ ಸಣ್ಣಗೆ ಗೆರೆ ಎಳೆಯುತ್ತಿತ್ತು. ಗುಳುಮುಳುಕ ಹಕ್ಕಿ ಒಂದು ಇಲ್ಲಿ ಮುಳುಗಿ ಅಲ್ಲಿ ಎದ್ದಿತು. ಅವಳು ಅದು ಇನ್ನೊಂದು ಸಲ ಏಳುವ ತನಕ ನಿಂತು, ಹೂಂ, ಹೊರಡಿ, ಅಜ್ಜಿ ಕಾಯಿ ಕೀಳ್ತಾ ಇರ್ತಾಳೆ ಎಂದಳು.

ಕೀಳುತ್ತಲೇ ಇದ್ದಳು. ಎರಡನೆಯ ಮಂಕರಿಯೂ ಅರ್ಧವಾಗಿತ್ತು. ನಾವು ಇನ್ನೊಂದು ದಿನ ತಡಮಾಡಿದ್ದರೆ ಏನೂ ಉಳಿಯುತ್ತಿರಲಿಲ್ಲ. ನನ್ನನ್ನು ನೋಡಿ ಅಜ್ಜಿಯ ಕೈ ಇನ್ನೂ ಚುರುಕಾಯಿತು. ಆಮೇಲೆ ಹಿಂದೆ ಇಳಿದವಳನ್ನು ನೋಡಿ ನಿಂತಿತು. ಹೆಂಡತಿ ಸೆರಗು ಕೊಡವಿ, ನೇರ ಬಳ್ಳಿಯೊಳಗೆ ಹೋಗಿ, ಗೋಡಿನ ಮೇಲೆ ಕೂತೇಬಿಟ್ಟಳು. ನೀರುಗಂಟಿಯೂ ಬಂದು ಸ್ವಲ್ಪ ದೂರದಲ್ಲಿ ನಿಂತ. ನನಗೆ ದೂರವೇ ಇರಲು ಹೆಂಡತಿ ಕಣ್ಣಿನಲ್ಲಿ ಹೇಳಿದಳು.

"ಅಜ್ಜಿ, ಇವರು ನನ್ನ ಯಜಮಾನರು. ಇವರು ಬರ್ಕೊಂಡು ಹೋದ್ರು ಅಂತ ಕಾಯಿ ಕೀಳ್ತಾ ಇದೀರಂತೆ. ಇವರು ಎಂಥದು ಬರೀತಾರೆ ಅಂತ ನಿಮಗೆ ಗೊತ್ತಾ?"

"ನಮ್ಗೆ ಓದಾಕ್ ಬರಾಕಿಲ್ಲ ಕಣವ್ವ."

"ನನಗೆ ಬರುತ್ತೆ. ಕೊಡ್ರೀ ಇಲ್ಲಿ."

ಕೈ ಚಾಚಿದಳು. ನಾನು ಕೆಂಪು ಪುಸ್ತಕವನ್ನು ಚೀಲದಿಂದ ತೆಗೆದು ಕೊಟ್ಟೆ. ಅದನ್ನು ಅವಳು ಅದುವರೆಗೆ ಬಿಚ್ಚಿ ನೋಡಿದವಳಲ್ಲ. ಆಫೀಸಿನ ಕಾಗದದ ಹಾಗೆ ಧೂಳು ಒರೆಸಿ ಇಡುತ್ತಿದ್ದಳು, ಅಷ್ಟೇ. ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು.

"ಹಿನಕಲ್ ಕೆರೆ. ನೀರು ತೂಬಿನ ಎರಡನೆಯ ಕಲ್ಲಿನ ತನಕ. ಬೆಳ್ಳಕ್ಕಿ ಇಪ್ಪತ್ತಾರು. ಕೊಕ್ಕರೆ ಹದಿನಾಲ್ಕು. ಒಂದು ಕೊಕ್ಕರೆ ಕುಂಟುತ್ತಿದೆ."

ಅಜ್ಜಿ ಕೈಯಲ್ಲಿದ್ದ ಕಾಯಿಯನ್ನು ಮಡಿಲಿಗೆ ಇಟ್ಟುಕೊಂಡಳು. ಹೆಂಡತಿ ಹಾಳೆ ಮಗುಚಿದಳು. ಎಲ್ಲಿಯೋ ಕುಡಿದ ಕಾಫಿ ಬರೀ ಬಿಸಿನೀರು. ಮೇಷ್ಟ್ರ ಸೈಕಲ್ ಎರಡು ಸಲ ಪಂಕ್ಚರು, ಎರಡೂ ಹಿಂದಿನ ಚಕ್ರ. ಬೇಲಿಯ ಮೇಲೆ ಹೆಸರು ತಿಳಿಯದ ನೀಲಿ ಹಕ್ಕಿ, ಬಾಲ ಎತ್ತಿ ಇಳಿಸುತ್ತದೆ. ಮತ್ತೆ ಕೊಕ್ಕರೆ, ಈ ಸಲ ಒಂಬತ್ತು.

"ಕೊಕ್ಕರೆಗೂ ಕಂದಾಯ ಆಕ್ತಾರೇನವ್ವ?" ಎಂದು ಕೇಳಿದ ನೀರುಗಂಟಿ.

"ಹಾಕೋ ಹಾಗಿದ್ರೆ ನಮ್ಮನೇಲಿ ಇಷ್ಟು ಹೊತ್ತಿಗೆ ಚಿನ್ನದ ತಟ್ಟೇಲಿ ಊಟ ಮಾಡ್ತಿದ್ವಪ್ಪ. ಎರಡು ವರ್ಷದಿಂದ ಎಣಿಸ್ತಾ ಇದಾರೆ. ಒಂದು ದಿನ ಒಂದು ಕಟ್ಟು ಸೊಪ್ಪಾದ್ರೂ ತಂದಿದ್ರೆ ಕೇಳಿ."

ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಹೆಂಡತಿ ಮುಂದೆ ಓದಿದಳು. ಓದುತ್ತಾ ಒಂದು ಕಡೆ ಅವಳ ದನಿ ಸ್ವಲ್ಪ ತಗ್ಗಿತು. "ಬುತ್ತಿ, ಚಿತ್ರಾನ್ನ. ಬಹಳ ಚೆನ್ನಾಗಿತ್ತು." ಮುಂದಿನ ಹಾಳೆಯಲ್ಲಿಯೂ ಅದೇ, ಅದರ ಮುಂದಿನದರಲ್ಲಿಯೂ ಅದೇ. ಪ್ರತಿ ಸಲವೂ ಬರೆದಿದ್ದೆ. ಮನೆಗೆ ಬಂದು ಒಂದು ಸಲವೂ ಹೇಳಿರಲಿಲ್ಲ. ಅವಳು ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಹಾಳೆ ಮಗುಚಿ ಕೊನೆಯದಕ್ಕೆ, ಅವರದೇ ಕೆರೆಯದಕ್ಕೆ ಬಂದಳು. ಸಾಲು ಇಷ್ಟು, ಬೀಜ ಅಜ್ಜಿಯ ತವರಿನದು, ಕಾಯಿ ಬಹಳ ಮುದ್ದಾಗಿವೆ, ಅಜ್ಜಿಗೆ ಸಂಕೋಚ, ನೀರುಕಾಗೆ ಏಳು.

ಅಜ್ಜಿ ಬಹಳ ಹೊತ್ತು ನನ್ನನ್ನು ನೋಡಿದಳು. ಶೇಕ್ದಾರನನ್ನು ನೋಡುವ ನೋಟವಲ್ಲ ಅದು. ಮನೆಯಲ್ಲಿ ಉಳಿದ ಮಕ್ಕಳೆಲ್ಲ ಸರಿಯಾಗಿದ್ದು, ತಲೆ ಸ್ವಲ್ಪ ಹೀಗೆ ಇರುವ ಒಬ್ಬ ಮಗನನ್ನು ನೋಡುವ ನೋಟ.

"ಇದ್ಯಾಕ್ ಇಂಗೆ ತಿರುಗ್ತಾರೆ ಕಣವ್ವ?"

"ನನಗೂ ಗೊತ್ತಿಲ್ಲ ಅಜ್ಜಿ. ಇವತ್ತು ಬರ್ತಾ ಒಂದು ಕೆರೆ ನೋಡ್ದೆ. ಸ್ವಲ್ಪ ಗೊತ್ತಾಯ್ತು ಅನ್ನಿಸುತ್ತೆ."

ಇನ್ನೂ ಒಂದು ತೊಡಕು ಉಳಿದಿತ್ತು, ಅದನ್ನು ಎತ್ತಿದವನು ನೀರುಗಂಟಿ. ಆದರೂ ವರ್ಷತೊಡಕಿನ ದಿನ ಬಂದು ಬರೆದುಕೊಂಡರಲ್ಲ, ಆ ದಿನ ನಡೆದದ್ದು ವರ್ಷವೆಲ್ಲ ನಡೆಯುತ್ತದಲ್ಲ ಎಂದ. ಅಜ್ಜಿಯ ಮುಖ ಮತ್ತೆ ಸಣ್ಣದಾಯಿತು. ಹೆಂಡತಿ ಪುಸ್ತಕ ಮುಚ್ಚಿದಳು.

"ನಡೀಲಿ ಬಿಡಿ," ಅಂದಳು ಹೆಂಡತಿ. "ವರ್ಷವೆಲ್ಲಾ ಬಂದು ನಿಮ್ಮ ಕೆರೆ ಕೊಕ್ಕರೆ ಎಣಿಸಿಕೊಂಡು ಹೋಗ್ತಾರೆ. ನಾನೂ ಬರ್ತೀನಿ. ಅದಕ್ಕಿಂತ ಹೆಚ್ಚಿಂದೇನೂ ಅವತ್ತು ನಡೆದಿಲ್ವಲ್ಲ."

ಅಜ್ಜಿ ಯೋಚನೆ ಮಾಡಿದಳು. ಅವಳು ನಕ್ಕಳೆಂದೋ, ಕಣ್ಣು ಒರೆಸಿಕೊಂಡಳೆಂದೋ ಬರೆದರೆ ಸುಳ್ಳಾಗುತ್ತದೆ. ಮಡಿಲಿನ ಕಾಯಿಯನ್ನು ಮಂಕರಿಗೆ ಹಾಕಿ, ಎದ್ದು, ಸೊಸೆ ಕಾಯಿ ಕೀಳಲು ಮಗುಚಿದ್ದ ಬಳ್ಳಿಯೊಂದನ್ನು ಮತ್ತೆ ಮೊದಲಿದ್ದ ಹಾಗೆ ಮಣ್ಣಿಗೆ ಒರಗಿಸಿ, ಎಲೆಗಳನ್ನು ಕಾಯಿಗಳ ಮೇಲೆ ಎಳೆದು ಮುಚ್ಚಿದಳು. ಬಿಸಿಲಿಗೆ ಕಾಯಿ ಸುಟ್ಟುಹೋಗಬಾರದಲ್ಲ. ಸೊಸೆ ನೋಡುತ್ತಿದ್ದವಳು ತಾನೂ ಬಗ್ಗಿ ಹಾಗೆಯೇ ಮಾಡತೊಡಗಿದಳು. ಹೆಂಡತಿ ಸೆರಗು ಸಿಕ್ಕಿಸಿ ಮೂರನೆಯ ಸಾಲಿಗೆ ಹೋದಳು. ನಾನು ಹೋಗಲೇ ಎಂದು ಕೇಳಿದ್ದಕ್ಕೆ, ನೀವು ತುಳಿದುಬಿಡ್ತೀರಿ, ಅಲ್ಲೇ ಕೂತಿರಿ ಎಂದು ಅಜ್ಜಿಯೇ ಹೇಳಿದಳು. ನನಗೆ ಅಷ್ಟು ಸಲಿಗೆ ಸಿಕ್ಕಿದ್ದು ಸಾಕಾಗಿತ್ತು.

ಕಿತ್ತದ್ದರ ಗತಿ ಏನು ಎಂದು ಓದುವವರು ಕೇಳಬಹುದು. ಹಣ್ಣಾಗದ ಕರಬೂಜ ಸೌತೆಕಾಯಿಯ ಹಾಗೆಯೇ ಅಡುಗೆಗೆ ಆಗುತ್ತದೆ ಎಂದು ಅಜ್ಜಿ ಹೇಳಿದಳು. ಕೆಲವು ಮಾತ್ರ ಕಹಿ ಬರುತ್ತವೆ, ತುದಿ ಕೊಯ್ದು ನಾಲಿಗೆಗೆ ತಾಗಿಸಿ ನೋಡಬೇಕು. ಊರಿನ ನಾಲ್ಕಾರು ಮನೆಗೆ ಹಂಚಿ, ನಮಗೆ ಒಂದು ಚೀಲ ತುಂಬಿಸಿದಳು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಚೀಲವನ್ನು ಹ್ಯಾಂಡಲ್ಲಿಗೆ ಕಟ್ಟಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ತುಳಿಯುವಾಗ ಸೈಕಲ್ ಎರಡೂ ಕಡೆ ಓಲಾಡಿತು. ಆ ವಾರ ನಮ್ಮ ಮನೆಯಲ್ಲಿ ಮಜ್ಜಿಗೆಹುಳಿ, ಮೇಷ್ಟ್ರ ಮನೆಯಲ್ಲಿ ಮಜ್ಜಿಗೆಹುಳಿ, ಬಂಗಲೆಯವರಿಗೂ ಒಂದು ಪಾತ್ರೆ. ನಾನು ಪ್ರತಿ ಸಲವೂ ಚೆನ್ನಾಗಿದೆ ಎಂದು ಬಾಯಿ ಬಿಟ್ಟು ಹೇಳಿದೆ. ಒಂದು ದಿನ ಕಹಿ ಇತ್ತು, ಅವತ್ತೂ ಹೇಳಿದೆ. ಸುಳ್ಳು ಹೇಳಬೇಡಿ ಎಂದು ಬೈಸಿಕೊಂಡೆ.

ರಾಮನವಮಿಯ ದಿನ ಮಾರ್ಕೆಟ್ಟಿನಲ್ಲಿ ಕರಬೂಜದ ರಾಶಿ ರಾಶಿ. ಯಾವ ರಾಶಿ ಯಾವ ಕೆರೆಯದು ಎಂದು ನನಗೆ ತಿಳಿಯುವಂತಿರಲಿಲ್ಲ. ವಾಸನೆ ನೋಡಿ ಎರಡು ತಂದೆವು, ಪಾನಕ ಮಾಡಿದೆವು. ಆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ನಾವು ಬಂದ ಮೇಲೆ ಅಜ್ಜಿ ಮತ್ತೆ ಹೆದರಿ ಉಳಿದದ್ದನ್ನೂ ಕಿತ್ತಿದ್ದರೆ? ಅವಳು ನಂಬಿದಳೋ, ನಮ್ಮ ಮರ್ಯಾದೆಗೆ ಆ ಹೊತ್ತಿಗೆ ನಿಲ್ಲಿಸಿದಳೋ? ಹೆಂಡತಿ ಬಾಯಿಬಿಟ್ಟು ಹೇಳದಿದ್ದರೂ ಅವಳಿಗೂ ಅದೇ ಯೋಚನೆ. ಮುಂದಿನ ಭಾನುವಾರ ಹೋಗೋಣವೇ ಎಂದು ಅವಳೇ ಕೇಳಿದಳು.

ಅದೇ ರೈಲು, ಅದೇ ಕ್ಯಾರಿಯರು. ಈ ಸಲ ಕೊರಕಲು ಬಂದರೂ ಅಂಗಿ ಹಿಡಿಯಲಿಲ್ಲ. ಕೆರೆಗೆ ಹೋಗಿ ನೋಡಿದರೆ ನೀರು ಇನ್ನಷ್ಟು ಸರಿದಿತ್ತು. ಬಳ್ಳಿಗಳು ಹಳದಿಗಟ್ಟಿದ್ದವು, ಎಲೆಯ ಕೆಳಗೆ ಒಂದೂ ಕಾಯಿಯಿಲ್ಲ. ಅಜ್ಜಿಯೂ ಇಲ್ಲ, ಸೊಸೆಯೂ ಇಲ್ಲ. ನಾನು ಬಗ್ಗಿ ತೊಟ್ಟುಗಳನ್ನು ನೋಡಿದೆ. ತಿರುಚಿ ಕಿತ್ತ ಗುರುತು ಕೆಲವಕ್ಕೆ ಮಾತ್ರ. ಅವು ಹಳೆಯವು, ಒಣಗಿದ್ದವು. ಉಳಿದವು ನುಣ್ಣಗೆ ಬಿಟ್ಟುಕೊಂಡಿದ್ದವು, ಹಣ್ಣಾದ ಮೇಲೆ ಬಿಡುವ ಹಾಗೆ.

ಹೆಂಡತಿ ಆ ತುದಿಯಿಂದ ಕರೆದಳು. ಅಲ್ಲಿ ಒಂದು ಬಳ್ಳಿಯ ಸುತ್ತ ಜಾಲಿಮುಳ್ಳು ಕಟ್ಟಿತ್ತು. ಮುಳ್ಳಿನೊಳಗೆ ಮೂರು ಹಣ್ಣು. ಒಂದೊಂದೂ ಸಣ್ಣ ಬಿಂದಿಗೆಯಷ್ಟಿತ್ತು, ಬಿರಿಯುವ ಹಂತಕ್ಕೆ ಬಂದು ಘಮ್ಮೆನ್ನುತ್ತಿತ್ತು. ಮೂರಕ್ಕೂ ತೊಟ್ಟಿನ ಹತ್ತಿರ ಹಳೆಯ ಸೀರೆಯ ಚೂರು ಕಟ್ಟಿತ್ತು. ಇಷ್ಟು ಒಳ್ಳೆಯದನ್ನು ಮಾರದೆ ಯಾಕೆ ಬಿಟ್ಟರೋ ಎಂದು ನಾವು ನೋಡುತ್ತಿರುವಾಗ ಏರಿಯ ಮೇಲಿನಿಂದ ನೀರುಗಂಟಿ ಕೂಗಿ ಹೇಳಿದ. ಅಜ್ಜಿ ನವಮಿಯ ಹಿಂದಿನ ದಿನ ಗಾಡಿ ತುಂಬಿಸಿಕೊಂಡು ಮೈಸೂರಿಗೆ ಹೋಗಿಬಂದಳು, ಈಗ ಮಗಳ ಊರಿಗೆ ಹೋಗಿದ್ದಾಳೆ ಎಂದ.

"ಅವುನ್ನ ಮುಟ್ಬ್ಯಾಡಿ ಕಣವ್ವ. ಬಿತ್ನೆಗ್ ಬುಟ್ಟವ್ಳೆ. ಬರೋ ವರ್ಸಕ್ಕೆ."

ಹೆಂಡತಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಒಂದು ಮುಳ್ಳಿನ ಕೊಂಬೆ ಗಾಳಿಗೆ ಸ್ವಲ್ಪ ಸರಿದಿತ್ತು. ಅದನ್ನು ಹುಷಾರಾಗಿ ಎತ್ತಿ ಸರಿಯಾಗಿ ಇಟ್ಟಳು. ಆಮೇಲೆ ಇಬ್ಬರೂ ಏರಿಯ ಮೇಲಿನ ಹೊಂಗೆಯ ನೆರಳಿಗೆ ಹೋಗಿ ಬುತ್ತಿ ಬಿಚ್ಚಿದೆವು.